ಎಡಗಾಲಿನ ವಿನಯ

ಗೌರವವೆಂಬುದು ಮನುಷ್ಯನ ದೇಹದೊಳಗೆ ಯಾವ ಭಾಗದಿಂದ ಪ್ರವೇಶ ಮಾಡುತ್ತದೆ ಎಂಬ ಪ್ರಶ್ನೆಯನ್ನು ತಿಳಿದವರು ಯಾರೂ ಸರಿಯಾಗಿ ವಿಚಾರ ಮಾಡಿದಂತೆ ಕಾಣುವುದಿಲ್ಲ. ಕೆಲವು ಸೀಮೆಗಳಲ್ಲಿ ಅದು ಕೈಯಿಂದ ಬರುತ್ತದಂತೆ. ಕೈ ಕುಲುಕಿದರೆ ಮುಗಿಯಿತು. ದೊಡ್ಡ ಪೇಟೆಗಳಲ್ಲಿ ಹೆಗಲಿನಿಂದ ಬರುತ್ತದೆ. ಒಂದು ಶಾಲು ಹೊದಿಸಿ ಬಸ್ಸು ಹತ್ತಿಸುತ್ತಾರೆ. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಮಾತ್ರ ಅದಕ್ಕಿರುವುದು ಒಂದೇ ಹೆಬ್ಬಾಗಿಲು, ಕಾಲು. ಮನೆಗೆ ಬಂದವರಿಗೆ ನಾವು ಮೊದಲು ಕೊಡುವುದು ಚಹಾ ಅಲ್ಲ, ಕಾಲಿಗೆ ನೀರು. ತಂಬಿಗೆ ತುಂಬಾ ತಣ್ಣೀರು ಹೊಸ್ತಿಲ ಹೊರಗೆ ಬರುತ್ತದೆ, ಬಂದವನು ಕಾಲು ತೊಳೆದುಕೊಂಡು ಒಳಗೆ ಕಾಲಿಡುತ್ತಾನೆ, ಆಮೇಲೆ ಅವನಿಗಿಂತ ಚಿಕ್ಕವರು ಒಬ್ಬೊಬ್ಬರಾಗಿ ಬಂದು ಆ ತೊಳೆದ ಕಾಲು ಮುಟ್ಟುತ್ತಾರೆ. ಹೀಗೆ ಕಾಲು ಚೆನ್ನಾಗಿದ್ದವನು ನಮ್ಮಲ್ಲಿ ಮರ್ಯಾದೆಯಿಂದ ಬಾಳಬಹುದು. ಕಾಲು ಕೆಟ್ಟವನ ಗತಿ ಏನೆಂಬುದನ್ನು ನಾನು ಹನ್ನೆರಡು-ಹದಿಮೂರು ವರ್ಷ ಸ್ವತಃ ಪ್ರಯೋಗ ಮಾಡಿ ತಿಳಿದುಕೊಂಡಿದ್ದೇನೆ.

ಈ ನಾಲ್ಕೂ ಊರುಗಳಲ್ಲಿ ನನಗೆ ಒಂದು ಹೆಸರಿದೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರನಾಗಿ ನಾನು ಅಲ್ಲೆಲ್ಲ ಕೆಲಸ ಮಾಡಿದ್ದೇನೆ. ಆದರೆ ಹೆಸರು ಬಂದದ್ದು ಇತಿಹಾಸದಿಂದಲ್ಲ. 'ಕಾಲು ಮುಟ್ಟಿಸಿಕೊಳ್ಳದ ಮಾಸ್ತರು' ಎಂದು. ಅಷ್ಟು ದೊಡ್ಡ ವಿನಯವಂತ, ಅಂಥ ನಿಗರ್ವಿ, ಈ ಕಾಲದಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂದು ಜನ ಈಗಲೂ ಹೇಳುತ್ತಾರೆ. ನಾನು ತಲೆ ಬಾಗಿಸಿ ಕೇಳುತ್ತೇನೆ. ಆದರೆ ಇತಿಹಾಸ ಕಲಿಸಿದವನಿಗೆ ಮೂಲ ಆಧಾರ ಯಾವುದೆಂದು ಹೇಳದೆ ಸಮಾಧಾನವಿಲ್ಲ. ಆ ವಿನಯದ ಮೂಲ ನನ್ನ ಎಡಗಾಲಿನ ಹೆಬ್ಬೆರಳಿನ ಉಗುರಿನ ಕೆಳಗಿತ್ತು. ಗಾತ್ರ ಒಂದು ಜೋಳದ ಕಾಳಿನಷ್ಟು.

ಇದರಲ್ಲಿ ನನ್ನ ದುಃಖವೇನೆಂದು ತಿಳಿಯಬೇಕಾದರೆ ನನ್ನ ಆಸೆಯೇನಿತ್ತೆಂದು ಮೊದಲು ತಿಳಿಯಬೇಕು. ಆಗಷ್ಟೇ ಬಿ.ಎಡ್. ಮುಗಿಸಿ ರಾಮದುರ್ಗದಲ್ಲಿ ನೌಕರಿಗೆ ಸೇರಿದ್ದೆ. ಅಲ್ಲಿ ನಿವೃತ್ತರಾಗುತ್ತಿದ್ದ ಹಿರಿಯ ಮಾಸ್ತರೊಬ್ಬರಿಗೆ ಹಳೆಯ ವಿದ್ಯಾರ್ಥಿಗಳು ಪಾದಪೂಜೆ ಮಾಡಿದರು. ಹಿತ್ತಾಳೆಯ ದೊಡ್ಡ ಪರಾತದಲ್ಲಿ ಅವರ ಎರಡೂ ಕಾಲು ಇಟ್ಟು, ನೀರು ಹಾಕಿ, ಹಾಲು ಹಾಕಿ, ಮತ್ತೆ ನೀರು ಹಾಕಿ, ಒರೆಸಿ, ಗಂಧ ಹಚ್ಚಿ, ಚೆಂಡು ಹೂವು ಏರಿಸಿದರು. ಆ ಮಾಸ್ತರ ಹಿಮ್ಮಡಿ ಎರೆಭೂಮಿ ಬೇಸಿಗೆಯಲ್ಲಿ ಬಿರಿದಂತೆ ಬಿರಿದಿತ್ತು. ಅಂಥ ಕಾಲನ್ನು ನೇಕಾರರ ಸೊಸೈಟಿಯ ಚೇರ್ಮನ್ನರು, ಇಬ್ಬರು ವಕೀಲರು, ಒಬ್ಬ ಫೌಜದಾರ ನೆಲಕ್ಕೆ ಕೂತು ತೊಳೆದರು. ಮಾಸ್ತರು ಮಾತ್ರ ಅದು ತಮ್ಮ ಕಾಲೇ ಅಲ್ಲವೆಂಬಂತೆ ದೂರದ ಗಿಡದ ಕಡೆ ನೋಡುತ್ತ ಕೂತಿದ್ದರು. ಆ ನೋಟ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಪ್ರಮೋಷನ್ ಬೇಡ, ಪ್ರಶಸ್ತಿ ಬೇಡ. ಒಂದು ದಿನ ನನ್ನ ಕಾಲೂ ಪರಾತದಲ್ಲಿರಬೇಕು, ನಾನೂ ಹಾಗೆ ದೂರದ ಗಿಡ ನೋಡಬೇಕು. ಮನೆಯಲ್ಲಿ ಕನ್ನಡಿಯ ಮುಂದೆ ಆ ನೋಟವನ್ನು ಅಭ್ಯಾಸ ಕೂಡ ಮಾಡಿದ್ದೆ. ಹೆಂಡತಿ ಶಾರದಾ ಒಮ್ಮೆ ನೋಡಿ, "ಏನ್ರಿ, ಹೊಟ್ಟಿ ನೋಯಾಕ ಹತ್ತೇತೇನು?" ಎಂದು ಕೇಳಿದ ಮೇಲೆ ಬಿಟ್ಟೆ.

ಇಪ್ಪತ್ತು ವರ್ಷ ಕಳೆದ ಮೇಲೆ, ಅದೇ ರಾಮದುರ್ಗದಲ್ಲಿ, ತೊಂಬತ್ತರ ದಶಕ ಇನ್ನೂ ಕಣ್ಣು ಬಿಡುತ್ತಿದ್ದ ಕಾಲಕ್ಕೆ, ಒಂದು ಮುಂಜಾನೆ ಬಚ್ಚಲಿನಲ್ಲಿ ಎಡಗಾಲಿನ ಮೇಲೆ ತಣ್ಣೀರು ಬಿತ್ತು. ಹೆಬ್ಬೆರಳಿನಿಂದ ಒಂದು ನೋವು ಹೊರಟು, ಮೊಣಕಾಲಿನಲ್ಲಿ ಸ್ವಲ್ಪ ತಂಗಿ, ಸೊಂಟದವರೆಗೂ ಹೋಗಿ ಬಂತು. ಚೇಳು ಕಡಿದಿದೆ ಎಂದು ಬಚ್ಚಲೆಲ್ಲ ಹುಡುಕಿದೆ. ಚೇಳಿರಲಿಲ್ಲ. ಬೆರಳು ನೋಡಿದರೆ ಬಾವಿಲ್ಲ, ಗಾಯವಿಲ್ಲ. ಉಗುರು ಶಾಂತವಾಗಿ, ಸಜ್ಜನನಂತೆ ಕೂತಿತ್ತು. ಮುಂದೆ ಅದರ ಸ್ವಭಾವ ನಿಧಾನವಾಗಿ ತಿಳಿಯಿತು. ಸುಮ್ಮನಿದ್ದರೆ ಸುಮ್ಮನಿರುತ್ತಿತ್ತು. ತಣ್ಣೀರು ತಾಗಿದರೆ, ಬೂಟು ಒತ್ತಿದರೆ, ಹೊದಿಕೆಯ ಅಂಚು ಸೋಕಿದರೆ ಮಾತ್ರ ಎದ್ದು ನಿಲ್ಲುತ್ತಿತ್ತು. ಶಾರದಾ ಇದರಲ್ಲಿ ಒಂದು ಸಂಶಯ ಹುಟ್ಟಿಸಿಕೊಂಡಳು. "ಸಂತಿಗೆ ಹೋಗ್ರಿ ಅಂದ ಕೂಡ್ಲೆ ನೋವು ಬರತೈತಿ. ಊಟಕ್ಕ ಕುಂದರ್ರಿ ಅಂದ್ರ ಹೋಗತೈತಿ. ಶಾಣ್ಯಾ ಬೆರಳದು," ಎಂದಳು. ಅವಳ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ಸಂತೆಗೆ ಬೂಟು ಹಾಕಿಕೊಂಡು ಹೋಗಬೇಕಾಗಿತ್ತು, ಊಟಕ್ಕೆ ಬರಿಗಾಲು ನಡೆಯುತ್ತಿತ್ತು.

ಮುಂದೆ ಸವದತ್ತಿಗೆ ವರ್ಗವಾಯಿತು. ವಿನಯ ಹುಟ್ಟಿದ್ದು ಅಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನ ಹುಡುಗರು ಹಾಲ್ ಟಿಕೆಟ್ ತೆಗೆದುಕೊಂಡು, ಸಾಲಾಗಿ ನಿಂತು ಮಾಸ್ತರರ ಕಾಲು ಮುಟ್ಟಿ ಹೋಗುವುದು ಪದ್ಧತಿ. ಇಡೀ ವರ್ಷ ಮಾಸ್ತರರ ಕಡೆ ಬೆನ್ನು ತಿರುಗಿಸಿ ಕೂತವರೂ ಅಂದು ಸಾಲಿನಲ್ಲಿರುತ್ತಾರೆ. ನಮ್ಮನ್ನು ವರಾಂಡದಲ್ಲಿ ಕುರ್ಚಿ ಹಾಕಿ ಕೂರಿಸಿದರು. ನನ್ನ ಪಕ್ಕದಲ್ಲಿ ಡ್ರಿಲ್ ಮಾಸ್ತರರಾದ ನದಾಫ ಅವರು. ನನ್ನ ಮುಂದೆ ಸಾಲಿನಲ್ಲಿ ಮೊದಲು ನಿಂತವಳು ಸುಜಾತಾ, ಮುನವಳ್ಳಿಯಿಂದ ಬರುತ್ತಿದ್ದ ಜಾಣ ಹುಡುಗಿ. ಏನು ಮಾಡಿದರೂ ಒತ್ತಿ ಮಾಡುವ ಸ್ವಭಾವ ಅವಳದು. ಬರೆದರೆ ಹಾಳೆಯ ಹಿಂಭಾಗದಲ್ಲೂ ಅಕ್ಷರ ಮೂಡುತ್ತಿದ್ದವು. ನಮಸ್ಕಾರವನ್ನೂ ಹಾಗೆಯೇ ಮಾಡಿದಳು. ಎರಡೂ ಹೆಬ್ಬೆರಳಿನ ಮೇಲೆ ತನ್ನ ಎರಡೂ ಕೈ ಇಟ್ಟು ಭಕ್ತಿಯಿಂದ ಒತ್ತಿದಳು.

ಎಡಗಾಲು ಎಳೆದುಕೊಂಡ ಭರಕ್ಕೆ ನಾನು ಕುರ್ಚಿಯ ಸಮೇತ ಹಿಂದಕ್ಕೆ ಹೋದೆ. ಕಣ್ಣಲ್ಲಿ ದಳದಳ ನೀರು ಬಂತು. ವರಾಂಡದವರೆಲ್ಲ ನನ್ನ ಕಡೆ ತಿರುಗಿದರು. ಹೆಡ್‌ಮಾಸ್ತರರೂ ನೋಡುತ್ತಿದ್ದರು. ಮಾಸ್ತರನಾದವನು ಸಾಲು ನಿಂತ ಹುಡುಗರ ಎದುರಿಗೆ, "ಅಯ್ಯೋ, ನನ್ನ ಬೆರಳು" ಎಂದು ಅಳುವ ಹಾಗಿಲ್ಲ. ಏನಾದರೊಂದು ಹೇಳಲೇಬೇಕಾಗಿತ್ತು. ನಡುಗುವ ದನಿಯಲ್ಲಿ, "ನನ್ನ ಕಾಲಿಗೆ ಬೀಳಬ್ಯಾಡ್ರೋ. ಪುಸ್ತಕಕ್ಕ ನಮಸ್ಕಾರ ಮಾಡ್ರಿ. ಅದು ನಿಮ್ಮನ್ನ ಪಾರು ಮಾಡತೈತಿ," ಎಂದೆ. ಆ ಮಾತು ನನ್ನ ಬಾಯಿಂದ ಬಂತು ನಿಜ, ಆದರೆ ಹೇಳಿಸಿದ್ದು ಬೆರಳು. ಹುಡುಗಿಯರಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ನದಾಫ ಮಾಸ್ತರರು ಅಷ್ಟೊತ್ತಿಗೆ ನಾಲ್ಕೈದು ಹುಡುಗರಿಂದ ಕಾಲು ಮುಟ್ಟಿಸಿಕೊಂಡಿದ್ದವರು, ಮೆಲ್ಲಗೆ ತಮ್ಮ ಕಾಲನ್ನೂ ಕುರ್ಚಿಯ ಕೆಳಗೆ ಸರಿಸಿಕೊಂಡು, "ಮಾಸ್ತರ, ಒಂದ ಮಾತು ಮೊದಲs ಹೇಳಬಾರದೇನ್ರಿ? ನಾವು ಇಲ್ಲಿ ಹಾವಳಿಕೋರರ ಹಂಗ ಕಾಣಾಕ ಹತ್ತೀವಿ," ಎಂದು ಗೊಣಗಿದರು.

ಮರುವಾರ ಪ್ರಾರ್ಥನೆಯ ವೇಳೆಗೆ ಹೆಡ್‌ಮಾಸ್ತರರು ನನ್ನ ಮಾತನ್ನು ಉದ್ಧರಿಸಿ ಅರ್ಧ ತಾಸು ಮಾತಾಡಿದರು. ಶಾಲೆಯ ಬಾಗಿಲಿನ ಕರಿಹಲಗೆಯ ಮೇಲೆ ನನ್ನ ಹೆಸರಿನೊಂದಿಗೆ ಆ ವಾಕ್ಯ ಬರೆದರು. ಬಣ್ಣದ ಸೀಮೆಸುಣ್ಣದಲ್ಲಿ ಸುತ್ತ ಬಳ್ಳಿ ಬಿಡಿಸಿ, ಅದನ್ನು ಯಾರೂ ಅಳಿಸದಂತೆ ನೋಡಿಕೊಂಡರು. ಅಲ್ಲಿಂದ ನನ್ನ ಬೆರಳು ಮತ್ತು ನನ್ನ ಕೀರ್ತಿ ಕೂಡಿಯೇ ಬೆಳೆದವು. ಯಾರ ಮನೆಗೆ ಹೋದರೂ ತಂಬಿಗೆ ಹೊರಗೆ ಬಂದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದು, "ಬ್ಯಾಡ್ರಿ ತಾಯಿ, ನನ್ನಂಥಾವಗ ಯಾಕ ಈ ಉಪಚಾರ," ಎನ್ನುತ್ತಿದ್ದೆ. ಸಿರಸಂಗಿಯಲ್ಲಿ ಒಬ್ಬ ಮುದುಕಿ ಇದನ್ನು ಕೇಳಿ ನನ್ನ ಮುಖವನ್ನೇ ನೋಡಿ, "ಇಂಥಾ ಮಗನ್ನ ಹಡದ ತಾಯಿ ಯಾರೋ," ಎಂದಳು. ನಾನು ದೂರದ ಗಿಡ ನೋಡಿದೆ. ಅಭ್ಯಾಸ ಮಾಡಿದ್ದು ಎಲ್ಲಿಯೋ ಉಪಯೋಗಕ್ಕೆ ಬಂತು.

ಈ ನಡುವೆ ಬೆರಳಿಗೆ ಚಿಕಿತ್ಸೆಯೇನು ಕಡಿಮೆ ಆಗಿಲ್ಲ. ಎಕ್ಸ್‌ರೇ ತೆಗೆಸಿದೆ, ಎಲುಬು ಸೈನಿಕರಂತೆ ಸಾಲಾಗಿ ನಿಂತಿದ್ದವು, ತಪ್ಪೇನೂ ಇಲ್ಲ. ಒಬ್ಬ ವೈದ್ಯರು ಇದು ಯೂರಿಕ್ ಆಮ್ಲದ ಬಾಧೆ ಎಂದು ತೊಗರಿಬೇಳೆ ಬಿಡಿಸಿದರು. ಬೇಳೆಯಿಲ್ಲದ ಊಟ ಮಾಡುವವನ ಮುಖ ಹೇಗಿರುತ್ತದೋ ಹಾಗೆ ಒಂದು ವರ್ಷ ಇದ್ದೆ, ನೋವು ಮಾತ್ರ ಮೈಕೈ ತುಂಬಿಕೊಂಡಿತು. ಇನ್ನೊಬ್ಬರು ಇದು ಮನಸ್ಸಿನಿಂದ ಬಂದದ್ದು ಎಂದು ಹೇಳಿ ಒಂದು ಗುಳಿಗೆ ಕೊಟ್ಟರು. ಅದನ್ನು ನುಂಗಿ ತರಗತಿಗೆ ಹೋದರೆ ಮೌರ್ಯರು ಪಟ್ಟಕ್ಕೆ ಬರುವಷ್ಟರಲ್ಲಿ ನನಗೆ ನಿದ್ದೆ ಬರುತ್ತಿತ್ತು. ಮಾಸ್ತರು ಮಲಗಿ ಹುಡುಗರು ಎಚ್ಚರಿರುವ ತರಗತಿಯನ್ನು ಇನ್ಸ್‌ಪೆಕ್ಟರರು ಒಮ್ಮೆ ನೋಡಿದ ಮೇಲೆ ಗುಳಿಗೆ ಬಿಟ್ಟೆ. ಉಗುರುಸುತ್ತಿಗೆ ನಿಂಬೆಹಣ್ಣು ತೂತು ಮಾಡಿ ಬೆರಳಿಗೆ ಸಿಕ್ಕಿಸುವ ಪದ್ಧತಿ ಎಲ್ಲರಿಗೂ ಗೊತ್ತು. ನದಾಫ ಮಾಸ್ತರರು ಅದನ್ನೇ ಸೂಚಿಸಿದರು. ಆದರೆ ಅದು ಕೈಬೆರಳಿನ ಅಳತೆಯ ಔಷಧ. ಕಾಲಿನ ಹೆಬ್ಬೆರಳಿಗೆ ನಿಂಬೆ ಸಾಲದೆ ಗಜನಿಂಬೆ ತರಿಸಿದೆ. ಅದನ್ನು ಸಿಕ್ಕಿಸಿಕೊಂಡು ಕೋಲು ಊರುತ್ತ ಓಣಿಯಲ್ಲಿ ನಡೆದರೆ, ಎದುರಿಗೆ ಬಂದವರು ಇದು ಯಾವುದೋ ಕಠಿಣ ವ್ರತವೆಂದು ತಿಳಿದು ದಾರಿ ಬಿಟ್ಟು ಕೈ ಮುಗಿದರು. ಕೀರ್ತಿ ಇನ್ನೂ ಒಂದು ಮೆಟ್ಟಿಲು ಏರಿತು.

ಕಿತ್ತೂರಿಗೆ ಹೋದ ಮೇಲೆ ಪರಿಸ್ಥಿತಿ ಗಂಭೀರವಾಯಿತು. ಕಿತ್ತೂರಿನ ಆಷಾಢದ ಗಾಳಿಗೆ ಮಲೆನಾಡಿನ ಸಂಬಂಧವಿದೆ. ರಾಮದುರ್ಗದ ಬಿಸಿಲಿನಲ್ಲಿ ಬೆಳೆದ ನನ್ನ ಬೆರಳಿಗೆ ಅದರ ಪರಿಚಯವಿರಲಿಲ್ಲ. ಮಳೆ ಹನಿಯಿತೆಂದರೆ ಬೆರಳು ಮೊದಲು ಸುದ್ದಿ ಕೊಡುತ್ತಿತ್ತು. ಬೇಸಿಗೆಯಲ್ಲೂ ಎಡಗಾಲಿಗೆ ಮಾತ್ರ ಉಣ್ಣೆಯ ಕಾಲುಚೀಲ ಹಾಕಿಕೊಂಡು ಪಾಠ ಮಾಡಿದೆ. ಒಂದೇ ಕಾಲಿಗೆ ಯಾಕೆಂದು ಕೇಳುವ ಧೈರ್ಯ ಹುಡುಗರಿಗಿರಲಿಲ್ಲ. ಅಲ್ಲೊಬ್ಬ ವೈದ್ಯರು ಉಗುರು ಒಳಗೆ ಬೆಳೆದಿದೆ ಎಂದು ಅದನ್ನು ಕಿತ್ತೇ ಬಿಟ್ಟರು. ಹಸನು ಮಾಡಿದರು, ಕಟ್ಟು ಕಟ್ಟಿದರು. ಹೊಸ ಉಗುರು ಬಂತು, ಹಳೆಯ ನೋವು ಅದರ ಕೆಳಗೇ ಇತ್ತು. ಮನೆಯ ಹೆಂಚು ತೆಗೆದು ನೋಡಿ, ಒಳಗಿದ್ದ ಬಾಡಿಗೆಯವನನ್ನು ಕಾಣದೆ, ಮತ್ತೆ ಹೊಸ ಹೆಂಚು ಹೊದಿಸಿ ಇಳಿದು ಬಂದ ಹಾಗಾಯಿತು.

ಬೈಲಹೊಂಗಲಕ್ಕೆ ಬಂದು ನಿವೃತ್ತಿಗೆ ಎರಡು ವರ್ಷವಿದ್ದಾಗ ಒಂದು ಹೊಸ ಮನೆಯ ಪ್ರವೇಶದ ಊಟಕ್ಕೆ ಹೋಗಿದ್ದೆವು. ನದಾಫ ಮಾಸ್ತರರೂ ಅಷ್ಟೊತ್ತಿಗೆ ಅದೇ ಊರಿಗೆ ವರ್ಗವಾಗಿ ಬಂದಿದ್ದರು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿರುವಾಗ ಒಬ್ಬ ಹೆಣ್ಣುಮಗಳು ಬಂದು, "ಸರ್ರ, ಗುರುತು ಹತ್ತಿತೇನ್ರಿ?" ಎಂದು ಬಗ್ಗಿದಳು. ಬಗ್ಗುವ ರೀತಿಯಿಂದಲೇ ಗುರುತು ಹತ್ತಿತು. ನಾನು ಕಾಲು ಎಳೆದುಕೊಂಡು, ಅಷ್ಟು ವರ್ಷದಿಂದ ಸಾಣೆ ಹಿಡಿದಿಟ್ಟಿದ್ದ ವಾಕ್ಯ ತೆಗೆದೆ. "ನನ್ನ ಕಾಲಿಗೆ ಬೀಳಬ್ಯಾಡವಾ ಸುಜಾತಾ. ಪುಸ್ತಕಕ್ಕ..."

"ಪುಸ್ತಕಕ್ಕ ಆವತ್ತs ಮಾಡೇನ್ರಿ ಸರ್ರ. ಪಾಸಾಗಿ, ಡಾಕ್ಟರ್ ಆಗಿ, ಈಗ ಸರ್ಜನ್ ಆಗೇನಿ. ವಾರಕ್ಕೊಮ್ಮೆ ಇಲ್ಲಿ ದವಾಖಾನಿಗೆ ಬರತೇನಿ," ಎಂದಳು. ಎದ್ದು ನಿಲ್ಲಲಿಲ್ಲ. ಬಗ್ಗಿದಲ್ಲಿಂದಲೇ ನನ್ನ ಕಾಲನ್ನು ನೋಡುತ್ತಿದ್ದಳು. ಭಕ್ತಿಯಿಂದ ಕಾಲು ನೋಡುವವರ ಕಣ್ಣು ನನಗೆ ಗೊತ್ತು. ಇದು ಆ ಕಣ್ಣಲ್ಲ. ಎತ್ತು ಕೊಳ್ಳುವವನು ಗೊರಸು ನೋಡುವಂತೆ ನೋಡುತ್ತಿದ್ದಳು.

"ಸರ್ರ, ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನೀವು ಎಡಗಾಲು ಅಷ್ಟs ಎಳಕೊಂಡ್ರಿ. ಬಲಗಾಲು ಇಟ್ಟಲ್ಲೇ ಐತಿ. ಸವದತ್ತ್ಯಾಗೂ ಹಂಗs ಮಾಡಿದ್ರಿ. ವಿನಯ ಅಂದ್ರ ಎರಡೂ ಕಾಲಿಗೆ ಇರಬೇಕಲ್ರಿ?"

ಹನ್ನೆರಡು ವರ್ಷದಲ್ಲಿ ಈ ಪ್ರಶ್ನೆ ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಎಂಬುದು ಬೇರೆ ಮಾತು. ಪಕ್ಕದಲ್ಲಿದ್ದ ಶಾರದಾ ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕಡೆ ಸರಿಸಿ, "ಹಂಗ ಕೇಳವಾ ತಂಗಿ. ನಾ ಕೇಳಿದ್ರ ಸಂತಿ ಸುದ್ದಿ ತಗೀತಾರ," ಎಂದಳು. ಅಲ್ಲಿಗೆ ನನ್ನ ಪ್ರತಿರೋಧ ಮುಗಿಯಿತು. ಮರುವಾರ ದವಾಖಾನೆಗೆ ಬರಬೇಕೆಂದು ಆಜ್ಞೆಯಾಯಿತು.

ಪರೀಕ್ಷೆ ಎಂದರೆ ದೊಡ್ಡ ಯಂತ್ರಗಳಿರುತ್ತವೆ ಎಂದು ತಿಳಿದಿದ್ದೆ. ಸುಜಾತಾ ಮೇಜಿನ ಮೇಲಿನ ಡಬ್ಬಿಯಿಂದ ಒಂದು ಗುಂಡುಪಿನ್ನು ತೆಗೆದಳು. ಚೂಪು ತುದಿಯನ್ನು ತಾನು ಹಿಡಿದುಕೊಂಡು, ಗುಂಡು ತಲೆಯಿಂದ ಉಗುರಿನ ಮೇಲೆ ಒಂದೊಂದು ಕಡೆ ಒತ್ತುತ್ತ ಬಂದಳು. "ಇಲ್ಲೇನ್ರಿ?" ಇಲ್ಲ. "ಇಲ್ಲಿ?" ಇಲ್ಲವಾ. "ಇಲ್ಲಿ?" ಇಲ್ಲ, ಸುಮ್ನ ನಿನ್ನ ವ್ಯಾಳ್ಯಾ ಹಾಳು. "ಇಲ್ಲಿ?" ನಾನು ಏನು ಹೇಳಿದೆನೋ ನೆನಪಿಲ್ಲ. ಹೊರಗೆ ಪಾಳಿ ಹಚ್ಚಿ ಕೂತವರಲ್ಲಿ ಇಬ್ಬರು ಎದ್ದು ಮನೆಗೆ ಹೋದರೆಂದು ಶಾರದಾ ಆಮೇಲೆ ಹೇಳಿದಳು. ಆ ಜಾಗದಿಂದ ಕೂದಲೆಳೆ ಪಕ್ಕಕ್ಕೆ ಸರಿದರೆ ನೋವಿಲ್ಲ, ಅಲ್ಲಿಗೇ ಬಂದರೆ ಪ್ರಳಯ. ಸುಜಾತಾ ಅಲ್ಲಿ ಪೆನ್ನಿನಿಂದ ಒಂದು ಚುಕ್ಕಿ ಇಟ್ಟು, "ನೋಡ್ರಿ ಅಮ್ಮಾರ, ಬೆಳಕಿಗೆ ಹಿಡದ್ರ ಉಗರಿನ ಕೆಳಗ ಒಂಚೂರು ನೀಲಿ ಕಾಣಸ್ತೈತಿ," ಎಂದಳು. ಶಾರದಾ ಕನ್ನಡಕ ಹಾಕಿಕೊಂಡು ನೋಡಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳು ನನ್ನ ಕಾಲನ್ನು ತಾನೇ ಬೆಳಕಿಗೆ ತಿರುಗಿಸಿ ಹಿಡಿದಳು.

ಆಮೇಲೆ ನನ್ನ ಕಾಲನ್ನು ಮೇಲೆತ್ತಿ ಹಿಡಿಸಿ, ರಕ್ತವೆಲ್ಲ ಇಳಿದ ಮೇಲೆ, ರಕ್ತದೊತ್ತಡ ನೋಡುವ ಪಟ್ಟಿಯನ್ನು ಮೊಣಕಾಲಿನ ಕೆಳಗೆ ಬಿಗಿದು ಗಾಳಿ ತುಂಬಿದಳು. ಮತ್ತೆ ಅದೇ ಚುಕ್ಕಿಯ ಮೇಲೆ ಗುಂಡುಪಿನ್ನು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಏನೂ ಆಗಲಿಲ್ಲ. ಗಾಳಿ ಬಿಟ್ಟಳು; ನೋವು ಓಡುತ್ತ ಬಂದು ತನ್ನ ಜಾಗದಲ್ಲಿ ಕೂತಿತು. "ರಕ್ತ ನಿಂತ್ರ ನೋವೂ ನಿಲ್ಲತೈತಿ. ಅಂದ್ರ ಇದು ರಕ್ತನಾಳದ್ದs ಕಾರಭಾರ. ಇನ್ನ ಬರ್ಫ ಇಟ್ಟು ನೋಡೂದೊಂದು ಉಳೀತು," ಎಂದು ಮಂಜುಗಡ್ಡೆಯ ಡಬ್ಬಿಯ ಕಡೆ ಕೈ ಚಾಚಿದಳು. ಅದರ ಅವಶ್ಯಕತೆಯಿಲ್ಲ, ಎಲ್ಲವನ್ನೂ ಒಪ್ಪಿಕೊಂಡಿದ್ದೇನೆ ಎಂದೆ.

ಅದಕ್ಕೆ ಗ್ಲೋಮಸ್ ಗಡ್ಡೆ ಎಂದು ಹೆಸರಂತೆ. ಚಳಿ ಸೆಕೆಗೆ ತಕ್ಕಂತೆ ರಕ್ತವನ್ನು ಹೆಚ್ಚು ಕಡಿಮೆ ಬಿಡುವ ಸಣ್ಣ ಸಣ್ಣ ಗಂಟುಗಳು ಬೆರಳ ತುದಿಗಳಲ್ಲಿರುತ್ತವೆ. ನೀರು ಬಿಡುವ ನಳದ ಕೀಲಿಯ ಹಾಗೆ. ಅವುಗಳಲ್ಲಿ ಒಂದಕ್ಕೆ ಅಹಂಕಾರ ಬಂದು ಬೆಳೆದುಬಿಟ್ಟರೆ ಹೀಗಾಗುತ್ತದೆ. ಹೆಚ್ಚಾಗಿ ಕೈಬೆರಳಿಗೆ ಬರುವುದು. ಕಾಲಿಗೆ ಬರುವುದು ಅಪರೂಪ, ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ ಎಂದು ಸುಜಾತಾ ಸಮಾಧಾನ ಮಾಡಿದಳು. ಅಪರೂಪ ಎಂದ ಕೂಡಲೇ ನನಗೆ ಅದರ ಮೇಲೆ ಸ್ವಲ್ಪ ಅಭಿಮಾನ ಮೂಡಿತು. ಗಡ್ಡೆ ಎಂದ ಕೂಡಲೇ ಶಾರದಾಳ ಮುಖ ಮಾತ್ರ ಬದಲಾಯಿತು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ, "ತಂಗಿ, ಕೆಟ್ಟದ್ದಲ್ಲ ಹೌದಿಲ್ಲೋ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. "ಅಲ್ಲರಿ ಅಮ್ಮಾರ. ಆ ಜಾತಿದಲ್ಲ ಇದು. ತಗದ್ರ ಮುಗೀತು. ತಗದದ್ದನ್ನ ಲ್ಯಾಬಿಗೆ ಕಳಿಸಿ ಖಾತ್ರಿನೂ ಮಾಡ್ಕೊಳ್ಳೋಣು," ಎಂದಳು ಸುಜಾತಾ. ಶಾರದಾ ಸೆರಗು ಬಿಟ್ಟು, "ಹಂಗಾರ ಲಗೂನ ತಗದುಬಿಡು. ಬೇಳಿ ಸಾರು ಮಾಡದs ವರ್ಷಾನುಗಟ್ಟಲೆ ಆತು," ಎಂದಳು. ಬೇಳೆಯ ನಿಷೇಧ ಬಿಟ್ಟು ಎಷ್ಟೋ ಕಾಲವಾಗಿತ್ತು. ಗಾಬರಿಯಾದಾಗ ಅವಳಿಗೆ ಕಾಲಗಣನೆ ತಪ್ಪುತ್ತದೆ.

ಶಸ್ತ್ರಕ್ರಿಯೆ ಎಂದರೆ ನನಗೆ ಮನಸ್ಸಿರಲಿಲ್ಲ. ಉಗುರು ಒಮ್ಮೆ ಕಿತ್ತಿಸಿಕೊಂಡವನು ನಾನು. ವಿಚಾರ ಮಾಡೋಣ, ಬೇಸಿಗೆ ಕಳೆಯಲಿ, ಮಳೆಗಾಲ ಕಳೆಯಲಿ ಎಂದು ಇತಿಹಾಸದಲ್ಲಿ ದುರ್ಬಲ ಅರಸರು ಮಾಡಿದಂತೆ ಕಾಲಹರಣ ಮಾಡುವವನಿದ್ದೆ. ಆಗ ಸುಜಾತಾ ಪಟ್ಟಿ ಮಡಚುತ್ತ ಸಹಜವಾಗಿ ಒಂದು ಮಾತು ಹೇಳಿದಳು. "ನೀವು ರಿಟೈರ್ ಆದ ಮ್ಯಾಲೆ ನಮ್ಮ ಸವದತ್ತಿ ಬ್ಯಾಚಿನವರು ಗುರುವಂದನಾ ಇಟ್ಕೋಬೇಕಂತಾರ ಸರ್ರ. ಎಲ್ಲಾ ಮಾಸ್ತರರಿಗೂ ಪಾದಪೂಜಿ."

"ಪರಾತದಾಗೇನು?" ಎಂದೆ.

"ಪರಾತದಾಗs ಇರಬೇಕ್ರಿ. ಯಾಕ?"

"ಯಾಕೂ ಇಲ್ಲ. ಆಪರೇಷನ್ ಯಾವಾಗ ಇಟ್ಕೋತಿ?"

ಅದಕ್ಕೂ ಮೊದಲು ಹುಬ್ಬಳ್ಳಿಗೆ ಹೋಗಿ ಎಂ.ಆರ್.ಐ. ಮಾಡಿಸಿಕೊಂಡು ಬಂದೆ. ಒಂದು ಬೆರಳಿನ ಚಿತ್ರ ತೆಗೆಯಲು ಇಡೀ ಮಾಸ್ತರನನ್ನು ಕಾಲು ಮುಂದಾಗಿ ಸುರಂಗದೊಳಗೆ ತಳ್ಳಿದರು. ಒಳಗೆ ತಗಡು ಬಡಿಯುವ ಸದ್ದು. ಅಲುಗಾಡಬೇಡಿ ಎಂದು ಹೊರಗಿನಿಂದ ಒಂದು ದನಿ ಅಪ್ಪಣೆ ಮಾಡುತ್ತಿತ್ತು. ಚಿತ್ರದಲ್ಲಿ ಉಗುರಿನ ಕೆಳಗೆ ಒಂದು ಬಿಳಿಯ ಕಾಳು, ಗುಂಡುಪಿನ್ನು ಎಲ್ಲಿ ಹೇಳಿತ್ತೋ ಅಲ್ಲಿಯೇ ಹೊಳೆಯುತ್ತಿತ್ತು. ನಾನು ಅದನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಗೆ ಹಿಡಿದು ನೋಡಿಕೊಂಡು ಬಂದೆ. ಇಷ್ಟು ದಿನ ಯಾರೂ ನಂಬದ ನನ್ನ ನೋವು ಚಿತ್ರ ತೆಗೆಸಿಕೊಂಡು ಕೂತಿತ್ತು.

ಸುಜಾತಾಳಿಂದ ನಾನು ಒಂದು ಭಾಷೆ ತೆಗೆದುಕೊಂಡೆ. "ಈ ವಿಷಯ ಹೊರಗ ಹೋಗಬಾರದು."

"ಡಾಕ್ಟರ್ ಆದವರು ಪೇಷಂಟರ ಸುದ್ದಿ ಹೊರಗ ಹೇಳೂದಿಲ್ರಿ ಸರ್ರ."

"ಅದು ಗೊತ್ತೈತಿ. ನಿಮ್ಮ ಬ್ಯಾಚಿನವರಿಗೆ ಮುದ್ದಾಂ ಹೇಳಬಾರದು. ಆ ಕರಿಹಲಗಿ ಮ್ಯಾಲಿನ ಮಾತು ಈ ಗಡ್ಡಿ ಆಡಿದ್ದು ಅಂತ ತಿಳದ್ರ ಹುಡುಗರ ಶ್ರದ್ಧಾ ಏನಾಗಬೇಕು?"

ಅವಳು ನಗು ತಡೆದುಕೊಂಡು ಆಣೆ ಮಾಡಿದಳು. ನಾನು ಬಲು ದೂರದೃಷ್ಟಿಯ ಕೆಲಸ ಮಾಡಿದೆನೆಂದು ತಿಳಿದೆ. ಶಾಲೆಗೆ ಕಾಲು ಉಳುಕಿದೆ ಎಂದು ರಜೆ ಬರೆದೆ. ನದಾಫ ಮಾಸ್ತರರಿಗೂ ಅಷ್ಟೇ ಹೇಳಿದೆ.

ಶಸ್ತ್ರಕ್ರಿಯೆ ನಾನು ಎಚ್ಚರಿದ್ದಾಗಲೇ ಆಯಿತು. ಬೆರಳಿನ ಬುಡಕ್ಕೆ ಎರಡು ಸೂಜಿ ಕೊಟ್ಟಳು. ಸ್ವಲ್ಪ ಹೊತ್ತಿಗೆ ಬೆರಳು ನನ್ನದಲ್ಲವೆನ್ನಿಸಿತು. ಬುಡಕ್ಕೆ ರಬ್ಬರ್ ಬಿಗಿದು ರಕ್ತ ನಿಲ್ಲಿಸಿ, ಉಗುರನ್ನು ಡಬ್ಬಿಯ ಮುಚ್ಚಳದಂತೆ ಎತ್ತಿದಳು. ಮಧ್ಯೆ ಒಂದು ಪರದೆ ಕಟ್ಟಿದ್ದರಿಂದ ನನಗೆ ಕಾಣುತ್ತಿದ್ದುದು ಅವಳ ಹಣೆ ಮಾತ್ರ. ಆ ಹಣೆಯನ್ನು ನಾನು ಪರೀಕ್ಷೆಯ ಕೋಣೆಯಲ್ಲಿ ಕಾವಲು ಕೂತಾಗ ನೋಡಿದ್ದೆ. ಗೊತ್ತಿರುವ ಪ್ರಶ್ನೆ ಬಂದಾಗ ಅವಳಿಗೆ ಅಲ್ಲಿ ಒಂದು ಗೆರೆ ಮೂಡುತ್ತಿತ್ತು. ಗೆರೆ ಮೂಡಿದ್ದನ್ನು ನೋಡಿ ನಾನು ನಿಶ್ಚಿಂತನಾದೆ. "ಸಿಕ್ಕಿತ್ರಿ ಸರ್ರ," ಎಂದಳು. "ಪೂರ್ತಿ ತಗೀಬೇಕು, ಚೂರು ಉಳದ್ರ ಮತ್ತ ಬರತೈತಿ." ಪೂರ್ತಿಯೇ ತೆಗೆದಳು. ಕೆಳಗಿನ ಮೆತ್ತನೆಯ ಮಾಂಸಕ್ಕೆ ಕೂದಲಿನಂಥ ದಾರದಿಂದ ಹೊಲಿಗೆ ಹಾಕಿ, ಉಗುರನ್ನು ಮತ್ತೆ ಅದರ ಮೇಲೆ ಮುಚ್ಚಿಟ್ಟಳು. ಆಮೇಲೆ ಒಂದು ಸಣ್ಣ ಬಾಟಲಿ ತಂದು ನನ್ನ ಕಣ್ಣ ಮುಂದೆ ಹಿಡಿದಳು. ತಳದಲ್ಲಿ ಕೆಂಪು ನೀಲಿ ಕೂಡಿದ ಒಂದು ಜೋಳದ ಕಾಳು.

"ಇಷ್ಟs ಏನವಾ?" ಎಂದೆ. ನನಗೆ ನಿಜವಾಗಿ ಅವಮಾನವಾಯಿತು. ಹನ್ನೆರಡು ವರ್ಷ ಬೂಟು ಬಿಡಿಸಿ, ಬೇಳೆ ಬಿಡಿಸಿ, ಗಜನಿಂಬೆ ತೊಡಿಸಿ, ನಾಲ್ಕು ಊರಿನಲ್ಲಿ ಕುಣಿಸಿದ್ದು ಇದೇನು?

"ಇಷ್ಟs ರಿ ಸರ್ರ. ಇದಕ್ಕಿಂತ ದೊಡ್ಡದಿದ್ರ ಯಾವಾಗೋ ಸಿಗತಿತ್ತು."

ಲ್ಯಾಬಿನಿಂದಲೂ ಅದೇ ಹೆಸರು ಬಂತು, ಕೆಟ್ಟದ್ದಲ್ಲವೆಂದು. ಗಾಯ ಮಾಯ್ದು, ಕಟ್ಟು ಪೂರ್ತಿ ಬಿಚ್ಚಿದ ಮೇಲೆ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಶಾರದಾ ಒಳಗಿನಿಂದ ತಂಬಿಗೆ ತುಂಬಾ ಮಣ್ಣಿನ ಕೊಡದ ತಣ್ಣೀರು ತಂದು ಎದುರಿಗೆ ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಮೊದಲು ಬಲಗಾಲಿಗೆ ಹಾಕಿದಳು. ಆಮೇಲೆ ಎಡಗಾಲಿಗೆ, ಸಣ್ಣ ಧಾರೆಯಾಗಿ. ನೀರು ಬೆರಳಿನ ಮೇಲೆ ಬಿದ್ದು ಹರಿದುಹೋಯಿತು. ನೀರು ತಣ್ಣಗಿತ್ತು, ಅಷ್ಟೇ. ತಣ್ಣಗಿರುವುದೆಂದರೆ ಹೇಗಿರುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು. ತಂಬಿಗೆ ಪೂರ್ತಿ ಬರಿದಾಗುವವರೆಗೆ ಅವಳು ಹಾಕಿದಳು, ನಾನು ಕೂತೆ. ಆಮೇಲೆ ಅವಳು ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡು, "ಇನ್ನ ಸಂತಿ ಚೀಲ ಎಲ್ಲಿ ಐತಿ ನೋಡ್ರಿ," ಎಂದಳು.

ಮುಚ್ಚಿಟ್ಟ ಹಳೆಯ ಉಗುರು ಉದುರಿ ಹೊಸದು ಪೂರ್ತಿ ಬರಲು ವರ್ಷ ಹಿಡಿಯಿತು. ಅದರ ಮೇಲೆ ನಾನು ತೋರಿಸಿದ ಕಾಳಜಿಯನ್ನು ಯಾವ ವಿದ್ಯಾರ್ಥಿಯ ಮೇಲೂ ತೋರಿಸಿರಲಿಲ್ಲ. ನಿವೃತ್ತನಾದೆ. ಗುರುವಂದನೆಯ ದಿನ ಗೊತ್ತಾಯಿತು. ಹಿಂದಿನ ವಾರವೆಲ್ಲ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ, ಕಲ್ಲಿನಿಂದ ಉಜ್ಜಿಕೊಂಡೆ. ಸವದತ್ತಿಯ ಶಾಲೆಯ ಅಂಗಳದಲ್ಲಿ ಪೆಂಡಾಲ್ ಹಾಕಿದ್ದರು. ವೇದಿಕೆಯ ಮೇಲೆ ಸಾಲು ಕುರ್ಚಿ, ಪ್ರತಿ ಕುರ್ಚಿಯ ಮುಂದೆ ಹಿತ್ತಾಳೆಯ ಪರಾತ. ಬೆಳಗಿನ ಬಿಸಿಲಿಗೆ ಅವು ಹೊಳೆಯುವುದನ್ನು ನೋಡಿ ನನ್ನ ಎದೆ ತುಂಬಿತು. ದೂರದಲ್ಲಿ ನೋಡಲು ಗಿಡ ಇದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಂಡೆ. ಬೇವಿನ ಗಿಡವಿತ್ತು.

ನನ್ನನ್ನು ನಡುವಿನ ಕುರ್ಚಿಗೆ ಕರೆದುಕೊಂಡು ಹೋದರು. ಉಳಿದೆಲ್ಲ ಕುರ್ಚಿಗಳ ಮುಂದೆ ಪರಾತವಿತ್ತು, ಅದರ ಮುಂದೆ ಮಾತ್ರ ಇರಲಿಲ್ಲ. ತರುವುದು ತಡವಾಗಿರಬೇಕೆಂದು ಚಪ್ಪಲಿ ಬಿಟ್ಟು, ಎರಡೂ ಕಾಲು ಜೋಡಿಸಿ ತಯಾರಾಗಿ ಕೂತೆ. ಆಗ ಬಸವರಾಜ ಎದ್ದು ನಿಂತ. ಆ ಬ್ಯಾಚಿನ ಹಿಂದಿನ ಬೆಂಚಿನವನು, ಈಗ ಮುನವಳ್ಳಿಯಲ್ಲಿ ಬೀಜ ಗೊಬ್ಬರದ ದೊಡ್ಡ ಅಂಗಡಿ ಇಟ್ಟಿದ್ದಾನೆ. ಮೈಕು ಹಿಡಿದು, "ನಮ್ಮ ಸರ್ರು ಯಾರಿಂದನೂ ಕಾಲು ಮುಟ್ಟಿಸಿಕೊಂಡಾವರಲ್ಲ ಅನ್ನೂದು ನಾಡಿಗೆಲ್ಲಾ ಗೊತ್ತೈತಿ," ಎಂದು ಶುರು ಮಾಡಿದ. "ಅವರ ಮನಸ್ಸು ನೋಯಿಸಬಾರದು ಅಂತ ನಾವೆಲ್ಲಾ ಕುಂತು ವಿಚಾರ ಮಾಡಿ, ಅವರಿಗೆ ಪಾದಪೂಜಿ ಬ್ಯಾಡ ಅಂತ ಠರಾವು ಮಾಡೇವಿ. ಅವರ ಬದಲಿ ಪುಸ್ತಕಕ್ಕ ಪೂಜಿ ಮಾಡ್ತೇವಿ." ಚಪ್ಪಾಳೆ ಪೆಂಡಾಲ್ ಹಾರುವಂತೆ ಬಿತ್ತು. ಹಿಂದಿನ ಬಟ್ಟೆಯ ಮೇಲೆ ನನ್ನ ವಾಕ್ಯವನ್ನು ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದರು. ನನ್ನ ಪಕ್ಕದಲ್ಲಿ ಒಂದು ಸ್ಟೂಲು ತಂದಿಟ್ಟು, ಅದರ ಮೇಲೆ ಹತ್ತನೆಯ ತರಗತಿಯ ಇತಿಹಾಸದ ಪುಸ್ತಕ ಇಟ್ಟು, ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದರು. ನನಗೆ ಶಾಲು ಹೊದಿಸಿದರು.

ನಾನು ಸುಜಾತಾಳ ಕಡೆ ನೋಡಿದೆ. ಮುಂದಿನ ಸಾಲಿನಲ್ಲಿದ್ದಳು. ಒಂದು ಮಾತು ಹೇಳಿದರೆ ಸಾಕಿತ್ತು, ಎಲ್ಲ ಸರಿಹೋಗುತ್ತಿತ್ತು. ಅವಳು ನನ್ನ ಎಡಗಾಲನ್ನು ಒಮ್ಮೆ ನೋಡಿ, ನನ್ನ ಮುಖ ನೋಡಿ, ಕೂತಲ್ಲಿಂದಲೇ ಎರಡೂ ಕೈ ಜೋಡಿಸಿದಳು. ಕೊಟ್ಟ ಭಾಷೆಯನ್ನು ಇಷ್ಟು ಕಟ್ಟುನಿಟ್ಟಾಗಿ ಉಳಿಸಿಕೊಳ್ಳುವವರನ್ನು ನಾನೇ ತಯಾರು ಮಾಡಿದ್ದೆ, ಯಾರಿಗೆ ಹೇಳಲಿ. ಪಕ್ಕದಲ್ಲಿ ನದಾಫ ಮಾಸ್ತರರ ಎರಡೂ ಕಾಲು ಪರಾತದಲ್ಲಿದ್ದವು. ಒಬ್ಬ ತಹಸೀಲ್ದಾರ, ಒಬ್ಬ ಇಂಜಿನಿಯರ ಕೂಡಿ ತೊಳೆಯುತ್ತಿದ್ದರು. "ತಣ್ಣಗ ಭಾಳ ಛಲೋ ಅನಸ್ತೈತಿ ಮಾಸ್ತರ," ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು. "ನಿಮಗ ಇದೆಲ್ಲಾ ಸೇರೂದಿಲ್ಲ ಬಿಡ್ರಿ. ನಾವು ಸಣ್ಣ ಮಂದಿ."

ಎರಡು ಮಾತು ಆಡಬೇಕೆಂದು ಮೈಕು ನನ್ನ ಕೈಗೆ ಬಂತು. ಕೆಳಗೆ ಆ ಮುಖಗಳೆಲ್ಲ ಕಾಯುತ್ತಿದ್ದವು. ನಾನು ಎದ್ದು, ಬೇವಿನ ಗಿಡ ನೋಡುತ್ತ, ಆ ವಾಕ್ಯವನ್ನೇ ಹೇಳಿದೆ. ದನಿ ನಡುಗಿತು. ಕಣ್ಣಲ್ಲಿ ನೀರು ಬಂತು. ಮೊದಲ ಸಲಕ್ಕಿಂತ ಈ ಸಲ ಚೆನ್ನಾಗಿ ಹೇಳಿದೆನೆಂದು ಎಲ್ಲರೂ ಹೇಳಿದರು.

ಈಗ ದಿನಾಲೂ ಸಂಜೆ ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಹಳೆಯ ಹುಡುಗರು ಬರುತ್ತಾರೆ, ಹೊಸ ಮದುವೆಯಾದವರು ಜೋಡಿಯಾಗಿ ಬರುತ್ತಾರೆ. ಬಾಗಿಲಿನಲ್ಲೇ ನಿಂತು, ದೂರದಿಂದಲೇ ಕೈ ಮುಗಿದು, ನನ್ನ ಕಾಲಿಗೆ ಒಂದು ಮಾರು ಅಂತರ ಬಿಟ್ಟು ಭಕ್ತಿಯಿಂದ ಸುತ್ತುಹಾಕಿ ಒಳಗೆ ಹೋಗುತ್ತಾರೆ. ನಾನು ಎಡಗಾಲನ್ನು ಸ್ವಲ್ಪ ಮುಂದಕ್ಕೆ ಚಾಚಿ, ಉಗುರಿಗೆ ಬೆಳಕು ಬೀಳುವಂತೆ ಇಟ್ಟುಕೊಂಡಿರುತ್ತೇನೆ. ನಿನ್ನೆಯೂ ಶಾರದಾ ಚಹಾದ ತಾಟು ಹಿಡಿದು ಬಂದವಳು ನಿಂತು, "ಕಾಲು ಒಳಗ ತಗೊಳ್ರಿ, ಹಾದ್ಯಾಗ ಐತಿ. ಯಾರರ ಎಡವಿಗಿಡವಿಯಾರು," ಎಂದಳು. ಎಡವಿದರೇನಾಯಿತು, ಅಷ್ಟಾದರೂ ಮುಟ್ಟಿದ ಹಾಗಾಯಿತಲ್ಲ ಎಂದು ನಾನು ಕಾಲನ್ನು ಇಟ್ಟಲ್ಲಿಯೇ ಇಟ್ಟಿದ್ದೇನೆ.